ಅಟ್ಟದ ಮೇಲಿನ ಆಟಿಕೆ ಆಸ್ತಿ

ಹಾನಗಲ್ಲಿನ ನಮ್ಮ ಹಳೆಯ ಹಂಚಿನ ಮನೆಯ ಅಟ್ಟದ ಮೇಲೆ ಒಂದು ಕಾಲಕ್ಕೆ ಭತ್ತದ ಚೀಲಗಳು, ಮುರಿದ ತೊಟ್ಟಿಲು, ಅಜ್ಜನ ಕಾಲದ ತಾಮ್ರದ ಹಂಡೆ ಇರುತ್ತಿದ್ದವು. 2021ರ ದೀಪಾವಳಿಗೆ ಊರಿಗೆ ಬಂದ ನನ್ನ ತಮ್ಮನ ಮಗ ಅವನ್ನೆಲ್ಲ ಒಂದು ಮೂಲೆಗೆ ಸರಿಸಿ, ಬಾಡಿಗೆ ವಾಹನದಲ್ಲಿ ತಂದ ನಲವತ್ಮೂರು ರಟ್ಟಿನ ಪೆಟ್ಟಿಗೆಗಳನ್ನು ಅಲ್ಲಿ ಜೋಡಿಸಿದ. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹಾಳೆಯ ಹೊದಿಕೆ, ಪ್ರತಿಯೊಂದರ ಮೇಲೂ ಒಂದು ಸಂಖ್ಯೆ. ಒಳಗಿದ್ದುದು ಲೆಗೋ ಎಂಬ ಡೆನ್ಮಾರ್ಕಿನ ಆಟಿಕೆ ಇಟ್ಟಿಗೆಗಳು. ಮನೆಯಲ್ಲಿ ಆಡುವ ವಯಸ್ಸಿನ ಮಗುವೊಂದೂ ಇರಲಿಲ್ಲ. ಅವನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ.

‘ಕಾಕಾ, ಇವು ಆಟಿಕಿ ಅಲ್ಲ, ಇದು ಇನ್ವೆಸ್ಟ್‌ಮೆಂಟ್’ ಎಂದ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇವಕ್ಕೆ ಸ್ಥಳವಿಲ್ಲವೆಂದೂ, ಐದು ವರ್ಷ ಕಾಪಾಡಿದರೆ ದುಪ್ಪಟ್ಟು ಖಚಿತವೆಂದೂ ವಿವರಿಸಿದ. ಒಟ್ಟು ತೊಡಗಿಸಿದ ಹಣ 6 ಲಕ್ಷ 40 ಸಾವಿರ ರೂಪಾಯಿ. ಅದರಲ್ಲಿ ಒಂದು ಪಾಲು ಕ್ರೆಡಿಟ್ ಕಾರ್ಡಿನ ಕಂತು. ಮೂವತ್ತು ವರ್ಷ ಬ್ಯಾಂಕಿನ ಶಾಖೆಗಳಲ್ಲಿ ಕುಳಿತು ಹೊಲ, ಬಂಗಾರ, ಟ್ರ್ಯಾಕ್ಟರುಗಳನ್ನು ಅಡವಿಟ್ಟುಕೊಂಡ ನನಗೆ, ಅಡವಿಡಲಾಗದ ಆಸ್ತಿಯೊಂದಕ್ಕೆ ಕಾವಲುಗಾರನಾಗುವ ಯೋಗ ನಿವೃತ್ತಿಯ ನಂತರ ಒದಗಿಬಂತು.

ಮೊದಲಿಗೆ ನಕ್ಕಿದ್ದೆನಾದರೂ ಆಮೇಲೆ ಕುಳಿತು ಓದಿದೆ. ಓದಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತೆಂದು ಒಪ್ಪಿಕೊಳ್ಳಬೇಕು. ಬಿಲುಂಡ್ ಎಂಬ ಊರಿನ ಬಡಗಿಯೊಬ್ಬ 1932ರಲ್ಲಿ ಮರದ ಆಟಿಕೆಗಳಿಂದ ಆರಂಭಿಸಿದ ಉದ್ಯಮವಿದು. ಇಂದಿನ ಪ್ಲಾಸ್ಟಿಕ್ ಇಟ್ಟಿಗೆಯ ವಿನ್ಯಾಸ 1958ರದು; ಆ ವರ್ಷದ ಇಟ್ಟಿಗೆ ಈ ವರ್ಷದ ಇಟ್ಟಿಗೆಗೆ ಇಂದಿಗೂ ಬಿಗಿಯಾಗಿ ಕೂಡಿಕೊಳ್ಳುತ್ತದೆ. ಕಂಪನಿ ಯಾವುದೇ ಒಂದು ಮಾದರಿಯನ್ನು ಸಾಮಾನ್ಯವಾಗಿ ಎರಡು-ಮೂರು ವರ್ಷ ಮಾರಿ, ಬಳಿಕ ನಿಲ್ಲಿಸಿಬಿಡುತ್ತದೆ. ಕೊಂಡವರ ಮನೆಯಲ್ಲಿ ಮಕ್ಕಳು ಪೆಟ್ಟಿಗೆ ಹರಿಯುತ್ತಾರೆ, ತುಣುಕುಗಳು ಸೋಫಾದಡಿ ಸೇರುತ್ತವೆ. ಹೀಗೆ ಬಿಚ್ಚದ ಪೆಟ್ಟಿಗೆಗಳ ಸಂಖ್ಯೆ ವರ್ಷ ವರ್ಷವೂ ಕುಗ್ಗುತ್ತದೆ. ಅತ್ತ ಬಾಲ್ಯದಲ್ಲಿ ಅದನ್ನು ಬಯಸಿ ಸಿಗದೆ ಹೋದವರು ನಲವತ್ತರ ವಯಸ್ಸಿಗೆ ಕೈತುಂಬ ಸಂಬಳ ಪಡೆಯುತ್ತಾರೆ. ಬೆಲೆ ಏರುವುದು ಈ ಎರಡರ ನಡುವಿನ ಅಂತರದಲ್ಲಿ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ 2,322 ಬಿಚ್ಚದ ಸೆಟ್ಟುಗಳ ಬೆಲೆಯನ್ನು ಪರಿಶೀಲಿಸಿ, ಸರಾಸರಿ ವಾರ್ಷಿಕ ಗಳಿಕೆ ಶೇ 11ರಷ್ಟಿದೆಯೆಂದು ತೋರಿಸಿದ್ದಾರೆ. ತಮ್ಮನ ಮಗ ಈ ಅಂಕಿಯನ್ನು ಹನುಮಾನ್ ಚಾಲೀಸದಂತೆ ಕಂಠಪಾಠ ಮಾಡಿದ್ದ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಕೆಲವು ಸೆಟ್ಟುಗಳು ವರ್ಷಕ್ಕೆ ಹಲವು ಪಟ್ಟು ಏರಿದರೆ, ಕೆಲವು ಅರ್ಧಕ್ಕರ್ಧ ಇಳಿದಿವೆ. ಸರಾಸರಿ ಎಂಬುದು ಇಡೀ ಬುಟ್ಟಿಯ ಲೆಕ್ಕ. ನಮ್ಮ ಅಟ್ಟದ ನಲವತ್ಮೂರು ಯಾವ ತುದಿಯಲ್ಲಿವೆಯೆಂದು ಅದು ಹೇಳುವುದಿಲ್ಲ. ಇನ್ನು ನಿಂತುಹೋದ ಸೆಟ್ಟು ನಿಂತೇ ಇರುತ್ತದೆಂದು ಕಂಪನಿ ಯಾರಿಗೂ ಬರೆದುಕೊಟ್ಟಿಲ್ಲ. ನಮ್ಮ ತಾಜ್‌ಮಹಲ್ ಇದಕ್ಕೆ ಒಳ್ಳೆಯ ಉದಾಹರಣೆ. 5,922 ತುಣುಕುಗಳ ಲೆಗೋ ತಾಜ್‌ಮಹಲ್ 2008ರಲ್ಲಿ ಅಮೆರಿಕದಲ್ಲಿ 300 ಡಾಲರಿಗೆ ಮಾರುಕಟ್ಟೆಗೆ ಬಂತು. ಮಾರಾಟ ನಿಂತ ಮೇಲೆ ಬಿಚ್ಚದ ಪೆಟ್ಟಿಗೆಯ ಬೆಲೆ ಹಲವು ಪಟ್ಟು ಏರಿತು. ಅದನ್ನು ನಂಬಿ ಗೋದಾಮು ತುಂಬಿಸಿಕೊಂಡವರಿದ್ದರು. 2017ರ ನವೆಂಬರಿನಲ್ಲಿ ಕಂಪನಿ ಬಹುತೇಕ ಅದೇ ತಾಜ್‌ಮಹಲನ್ನು, ಒಂದೇ ಒಂದು ತುಣುಕು ಹೆಚ್ಚು ಸೇರಿಸಿ, 370 ಡಾಲರಿಗೆ ಮತ್ತೆ ಬಿಡುಗಡೆ ಮಾಡಿತು. ಹಳೆಯ ಪೆಟ್ಟಿಗೆಯ ಬೆಲೆ ಕುಸಿಯಿತು. ಷಹಜಹಾನನಂತೂ ಎರಡನೆಯದನ್ನು ಕಟ್ಟಲಿಲ್ಲ. ಲೆಗೋ ಕಂಪನಿಗೆ ಅಂತಹ ನಿರ್ಬಂಧವಿಲ್ಲ.

ಇದಕ್ಕೆ ಹಿಂದಿನ ತಲೆಮಾರಿನಲ್ಲಿ ಅಮೆರಿಕದವರು ‘ಬೀನಿ ಬೇಬಿ’ ಎಂಬ ಬಟ್ಟೆಯ ಗೊಂಬೆಗಳಿಗೆ ಮರುಳಾಗಿದ್ದರು. 1993ರಲ್ಲಿ ಬಂದ, ಐದಾರು ಡಾಲರಿನ ಈ ಪುಟ್ಟ ಪ್ರಾಣಿಗಳಲ್ಲಿ ಕೆಲವನ್ನು ಕಂಪನಿ ಆಗಾಗ ನಿವೃತ್ತಿಗೊಳಿಸುತ್ತಿದ್ದುದೇ ನೆಪವಾಗಿ ಜನ ಕಾಲೇಜು ಶುಲ್ಕದ ಹಣವನ್ನೂ ಅದರಲ್ಲಿ ತೊಡಗಿಸಿದರು. 1999ರಲ್ಲಿ ಲಾಸ್ ವೇಗಸ್‌ನ ನ್ಯಾಯಾಲಯವೊಂದರಲ್ಲಿ ವಿಚ್ಛೇದಿತ ದಂಪತಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಗೊಂಬೆಗಳನ್ನು ಒಂದೊಂದಾಗಿ ಹಂಚಿಕೊಂಡ ಛಾಯಾಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಕೆಲವೇ ಕಾಲದಲ್ಲಿ ಆ ಗೊಂಬೆಗಳನ್ನು ಕೇಳುವವರಿಲ್ಲವಾಯಿತು.

ಅಷ್ಟು ದೂರ ಹೋಗುವುದೇಕೆ? ನಮ್ಮ ತಾಲ್ಲೂಕಿನ ಪಡುವಣ ಅಂಚು ಮಲೆನಾಡಿಗೆ ತಾಗಿಕೊಂಡಿದೆ, ಅಡಿಕೆ ತೋಟಗಳಿವೆ. 2000ದ ಚಂಡಮಾರುತದಲ್ಲಿ ಮಡಗಾಸ್ಕರಿನ ವೆನಿಲ್ಲಾ ಬೆಳೆ ನಾಶವಾಯಿತು. ಅದರ ಫಲವಾಗಿ 2003ರ ಹೊತ್ತಿಗೆ ಇಲ್ಲಿ ಹಸಿ ವೆನಿಲ್ಲಾ ಕೋಡಿನ ದರ ಕಿಲೋಗೆ ಮೂರು ಸಾವಿರ ಮುಟ್ಟಿದ್ದು ಓದುಗರಿಗೆ ನೆನಪಿರಬಹುದು. ಶಿರಸಿ, ಸೊರಬ, ಸಾಗರಗಳ ತೋಟಗಳಲ್ಲಿ ರಾತ್ರಿ ಕಾವಲು, ಬ್ಯಾಟರಿ ಬೆಳಕು, ನಾಯಿ. ಬಳ್ಳಿಯ ತುಂಡಿಗೂ ಕಳ್ಳರ ಕಾಟ. ಆಗ ನಮ್ಮ ಶಾಖೆಗೆ ವೆನಿಲ್ಲಾ ಸಾಲದ ಅರ್ಜಿಗಳು ದಿಬ್ಬಣದಂತೆ ಬಂದವು. ಅವುಗಳಲ್ಲಿ ಎಷ್ಟಕ್ಕೋ ನಾನೇ ಸಹಿ ಹಾಕಿದ್ದೇನೆ. ಮಡಗಾಸ್ಕರ್ ಚೇತರಿಸಿಕೊಂಡಿತು. ಎರಡು-ಮೂರು ವರ್ಷಗಳಲ್ಲಿ ದರ ನೂರು ರೂಪಾಯಿಯ ಆಸುಪಾಸಿಗೆ ಇಳಿಯಿತು. ಒಬ್ಬ ರೈತ ಒಣಗಿದ ಬಳ್ಳಿಯ ಹೊರೆಯನ್ನು ಶಾಖೆಯ ಮೆಟ್ಟಿಲ ಮೇಲೆ ಇಟ್ಟು, ‘ಇದನ್ನ ಜಮಾ ಮಾಡ್ಕೋರಿ ಸಾಹೇಬ್ರ’ ಎಂದುಹೋದ. ಬಳ್ಳಿ ಅವನದು, ಸಹಿ ನನ್ನದು. ಲೆಗೋ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹೊರೆ.

ನಮ್ಮಂತಹವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಇದನ್ನು ಯಾವ ಹುರುಪಿನ ಸಲಹೆಗಾರನೂ ಹೇಳುವುದಿಲ್ಲ. ಕೇಂದ್ರ ಸರ್ಕಾರ ಆಮದು ಆಟಿಕೆಗಳ ಮೇಲಿನ ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿತು. ದೇಶೀಯ ಆಟಿಕೆ ಉದ್ಯಮದ ರಕ್ಷಣೆಗಾಗಿ ಕೈಗೊಂಡ ಕ್ರಮವದು. ಅದರ ಒಳಿತು-ಕೆಡುಕು ಬೇರೆ ಚರ್ಚೆ. ಆದರೆ ಇಲ್ಲಿ ಪೆಟ್ಟಿಗೆ ಕೊಳ್ಳುವವನು ಸುಂಕದ ಭಾರವನ್ನು ಮೊದಲ ದಿನವೇ ಹೊತ್ತಿರುತ್ತಾನೆ. ಅಮೆರಿಕದ ಗ್ರಾಹಕ ಅದೇ ಪೆಟ್ಟಿಗೆಯನ್ನು ಅಗ್ಗವಾಗಿ ಕೊಂಡಿರುವಾಗ, ಡಾಲರಿನಲ್ಲಿ ಬೆಲೆ ಎಷ್ಟೋ ಏರಿದ ಮೇಲಷ್ಟೇ ನಮ್ಮವನು ಅವನ ಸಮಕ್ಕೆ ಬರುತ್ತಾನೆ. ಆದ್ದರಿಂದ ಇಲ್ಲಿ ಕೊಂಡದ್ದನ್ನು ಹೊರದೇಶಕ್ಕೆ ಮಾರಿ ಲಾಭ ಕಾಣುವುದು ಕಷ್ಟ. ಇಲ್ಲಿಯೇ ಮಾರಬೇಕೆಂದರೆ ಕೊಳ್ಳುವವರು ಬೆರಳೆಣಿಕೆಯಷ್ಟು ಮಂದಿ. ಬಂಗಾರಕ್ಕೆ ಹಾನಗಲ್ಲಿನ ಪೇಟೆಯಲ್ಲೇ ಅರ್ಧ ತಾಸಿನಲ್ಲಿ ಹಣ ಸಿಗುತ್ತದೆ. 2007ರಲ್ಲಿ ಹತ್ತು ಗ್ರಾಂಗೆ ಸುಮಾರು ಹತ್ತು ಸಾವಿರವಿದ್ದ ಬಂಗಾರ 2025ರಲ್ಲಿ ಲಕ್ಷ ದಾಟಿತು. ಲೆಕ್ಕ ಹಾಕಿದರೆ ಅದೂ ವರ್ಷಕ್ಕೆ ಶೇ 13ರ ಮೇಲೆಯೇ. ಅದರ ಪೆಟ್ಟಿಗೆಯ ಮೂಲೆ ಮಡಿಚಿದೆಯೇ ಎಂದು ಯಾವ ಸರಾಫನೂ ಕೇಳುವುದಿಲ್ಲ.

ಮೂಲೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹಾನಗಲ್ಲಿನ ಮಳೆಗಾಲ ರಟ್ಟಿಗೆ ಶತ್ರು. ಆಷಾಢದಲ್ಲಿ ಆನೆಕೆರೆಯ ಕಡೆಯಿಂದ ಬೀಸುವ ತೇವದ ಗಾಳಿಗೆ ಕಪಾಟಿನ ಪುಸ್ತಕಗಳೇ ಬೂಸ್ಟು ಹಿಡಿಯುತ್ತವೆ. ನಾನು ಹಳೆಯ ಉಪಾಯಕ್ಕೆ ಮೊರೆಹೋದೆ: ಸುಡುಸುಣ್ಣದ ಹರಳುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಗಳ ನಡುವೆ ಇರಿಸಿದೆ. ಸುಣ್ಣ ತೇವ ಹೀರಿ ಪುಡಿಯಾದಾಗಲೆಲ್ಲ ಬದಲಿಸಬೇಕು. ಇಲಿಗಳಿಗೆ ಬೋನು, ಹಂಚು ಸೋರಿದರೆ ತಾಡಪಾಲು. ನಾಲ್ಕು ಮಳೆಗಾಲ ಹೀಗೆ ಕಳೆದೆ. ಕಾವಲಿನ ಈ ಕೂಲಿ ಮಾಸ್ಕೋದ ಶೇ 11ರಲ್ಲಿ ಸೇರಿಲ್ಲ.

ನಮ್ಮ ಸೀಮೆಯ ಆಟಿಕೆಗಳ ಸ್ವಭಾವವೇ ಬೇರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ತಂದ ಎತ್ತಿನ ಜೋಡಿ ಪೂಜೆಯಾದ ಮೇಲೆ ನೀರು ಸೇರುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಾಡಿದ ಗುಳ್ಳವ್ವ ಮತ್ತೆ ಮಣ್ಣಿಗೆ ಮರಳುತ್ತಾಳೆ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಆನೆ, ಒಂಟೆ, ನವಿಲುಗಳನ್ನಂತೂ ಆರತಿ ಮುಗಿಯುವ ಮುನ್ನವೇ ನಾವು ಬಾಲದ ಕಡೆಯಿಂದ ನೆಕ್ಕತೊಡಗುತ್ತಿದ್ದೆವು. ಮೈಸೂರಿನ ಕಡೆಯವರು ದಸರೆಯ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟು ತಲೆಮಾರುಗಳಿಗೆ ದಾಟಿಸುತ್ತಾರೆ, ನಿಜ; ಆದರೆ ಅವೂ ವರ್ಷಕ್ಕೊಮ್ಮೆ ಹೊರಬಂದು ನೆರೆಹೊರೆಯವರ ಕಣ್ಣಿಗೆ ಬೀಳುತ್ತವೆ, ಮಾರಾಟಕ್ಕಲ್ಲ. ಹುಣಸೆಬೀಜದ ಅಂಟಿನಿಂದ ಜೋಡಿಸಿದ ಕೊಪ್ಪಳದ ಕಿನ್ನಾಳದ ಗೊಂಬೆಗೂ, ಅರಗಿನ ಬಣ್ಣದ ಚನ್ನಪಟ್ಟಣದ ಬುಗುರಿಗೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೂ ಅವನ್ನು ಕೊಂಡು ಅಟ್ಟದಲ್ಲಿ ಇಟ್ಟು ದುಪ್ಪಟ್ಟು ಬೆಲೆಗೆ ಮಾರಿದವರನ್ನು ನಾನು ಕಂಡಿಲ್ಲ. ಕುಶಲಕರ್ಮಿ ಇನ್ನೂ ಬದುಕಿದ್ದಾನೆ, ಕೇಳಿದರೆ ಮತ್ತೊಂದನ್ನು ಮಾಡಿಕೊಡುತ್ತಾನೆ. ಅವನು ಕೈ ನಿಲ್ಲಿಸಿದ ದಿನ ಬೆಲೆ ಏರಬಹುದು. ಅಂತಹ ಏರಿಕೆಯನ್ನು ಬಯಸುವುದಾದರೂ ಹೇಗೆ?

ಆಟದ ಮೇಲೆ ದೊಡ್ಡ ಹಣ ತೊಡಗಿಸುವ ರೂಢಿ ನಮ್ಮಲ್ಲೂ ಇಲ್ಲದಿಲ್ಲ. ದೀಪಾವಳಿಯ ನಂತರ ಹಾವೇರಿ ಜಿಲ್ಲೆಯ ಊರೂರುಗಳಲ್ಲಿ ನಡೆಯುವ ಕೊಬ್ಬರಿ ಹೋರಿ ಹಬ್ಬದ ಹೋರಿಗಳು ಲಕ್ಷಾಂತರ ರೂಪಾಯಿಗೆ ಕೈ ಬದಲಾಗುತ್ತವೆ. ಕೊರಳಿಗೆ ಕೊಬ್ಬರಿಯ ಹಾರ ಹೊತ್ತ ಹೋರಿ ಜನರ ನಡುವೆ ನುಗ್ಗಿ, ಒಂದು ಬಟ್ಟಲನ್ನೂ ಕೀಳಗೊಡದೆ ಪಾರಾದರೆ ಅದರ ಹೆಸರೂ ಬೆಲೆಯೂ ಏರುತ್ತವೆ. ಅದರ ಅಪಾಯಗಳನ್ನು ನಾನು ಮರೆತಿಲ್ಲ. ಪ್ರತಿ ವರ್ಷ ಗಾಯಗೊಳ್ಳುವವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆದರೆ ಹೋರಿಯ ಬೆಲೆ ಅದು ಓಡಿದಷ್ಟೂ ಏರುತ್ತದೆ. ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದರೆ ಮೇವಿನ ಖರ್ಚೂ ಹುಟ್ಟದು. ಲೆಗೋ ಪೆಟ್ಟಿಗೆಯ ನಿಯಮ ತದ್ವಿರುದ್ಧ: ಆಡಿದರೆ ಕೆಟ್ಟಿತು.

2024ರ ಆರಂಭದಲ್ಲಿ ತಮ್ಮನ ಮಗನ ಕೆಲಸ ಹೋಯಿತು. ಅದೇ ವರ್ಷ ಅವನ ತಂದೆಗೆ, ಅಂದರೆ ನನ್ನ ತಮ್ಮನಿಗೆ, ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ‘ಕಾಕಾ, ಮಾರೋಣ’ ಎಂದ. ಸ್ವರದಲ್ಲಿ ಹಿಂದಿನ ಹುರುಪಿರಲಿಲ್ಲ. ಐದು ತಿಂಗಳಲ್ಲಿ ಹನ್ನೊಂದು ಪೆಟ್ಟಿಗೆಗಳು ಹೋದವು. ಒಬ್ಬ ಗ್ರಾಹಕ ಆರು ಕೋನಗಳಿಂದ ತೆಗೆದ ಚಿತ್ರ ಕೇಳಿದ. ಇನ್ನೊಬ್ಬ ಒಂದು ಅಂಚಿನಲ್ಲಿದ್ದ ಕಾಸಿನಗಲದ ತೇವದ ಕಲೆಗಾಗಿ ಎರಡು ಸಾವಿರ ಕಡಿತ ಮಾಡಿಸಿದ. ಆ ಕಲೆ ನನ್ನ ಹೊಣೆ, ಸುಣ್ಣ ಬದಲಿಸಲು ಆ ವಾರ ತಡವಾಗಿತ್ತು. ಮೂರು ಸೆಟ್ಟುಗಳಿಗೆ ಒಳ್ಳೆಯ ಲಾಭ ಬಂತು. ಉಳಿದವು ಕೊಂಡ ಬೆಲೆಯ ಆಚೀಚೆ. 1 ಲಕ್ಷ 90 ಸಾವಿರಕ್ಕೆ ಕೊಂಡ ಆ ಹನ್ನೊಂದರಿಂದ ಬಂದದ್ದು 2 ಲಕ್ಷ 5 ಸಾವಿರ. ಕೊರಿಯರ್ ಮತ್ತು ದಲ್ಲಾಳಿ ಕಳೆದು ಕೈಗೆ ಹತ್ತಿದ್ದು 1 ಲಕ್ಷ 91 ಸಾವಿರ. ಅಂದಿನ ಐದೂಕಾಲು ಬಡ್ಡಿಯ ಠೇವಣಿಯಲ್ಲಿಟ್ಟಿದ್ದರೂ ಮೂರು ವರ್ಷಕ್ಕೆ 2 ಲಕ್ಷ 20 ಸಾವಿರ ದಾಟುತ್ತಿತ್ತು. ಈ ಲೆಕ್ಕವನ್ನು ನಾನು ಅವನಿಗೆ ಹೇಳಲಿಲ್ಲ. ಶಸ್ತ್ರಚಿಕಿತ್ಸೆಗೆ ಕಡಿಮೆ ಬಿದ್ದ ಹಣಕ್ಕೆ ಅವನ ತಾಯಿಯ ಪಾಟ್ಲಿಗಳು ಹೋದವು, ಅರ್ಧ ತಾಸಿನಲ್ಲಿ. ತಮ್ಮ ಈಗ ಆರಾಮಾಗಿದ್ದಾನೆ. ಬೆಳಿಗ್ಗೆ ತಾರಕೇಶ್ವರ ಗುಡಿಯವರೆಗೆ ನಡೆದು ಬರುತ್ತಾನೆ.

ಆ ಮರುವರ್ಷ ಬೇಸಿಗೆಯ ರಜೆಗೆ ನನ್ನ ಮಗಳ ಮಗಳು ಬಂದಳು, ಆರು ವರ್ಷದವಳು. ಅಟ್ಟ ಹತ್ತಿ ಮೂವತ್ತೆರಡು ಪೆಟ್ಟಿಗೆಗಳನ್ನು ಕಂಡಾಗ ಅವಳಿಗೆ ಮಾತೇ ಹೊರಡಲಿಲ್ಲ. ‘ಅಜ್ಜಾ, ಇವು ಯಾರವು? ಯಾಕ ಬಿಚ್ಚಂಗಿಲ್ಲ?’ ಅಡವು, ಮರುಪಾವತಿ, ಸುಸ್ತಿ ಬಡ್ಡಿಗಳನ್ನು ಅಕ್ಷರ ಬಾರದವರಿಗೂ ತಿಳಿಹೇಳಿದ ನಾನು ಆ ಮಗುವಿಗೆ ಒಪ್ಪುವ ಒಂದು ವಾಕ್ಯ ಹೊಂದಿಸಲು ಸೋತೆ. ಸಂಜೆ ಅವನಿಗೆ ಫೋನು ಮಾಡಿ, ಅಗ್ನಿಶಾಮಕ ಬಂಡಿಯ ಪೆಟ್ಟಿಗೆಯೊಂದನ್ನು ನನಗೇ ಮಾರೆಂದೆ. ಅವನು ಒಂದು ಕ್ಷಣ ತಡೆದು, ‘ಮಾರ್ಕೆಟ್ ರೇಟು ಒಂಬತ್ತೂವರೆ ಐತಿ ಕಾಕಾ. ನಿಮಗಂತ ಖರೀದಿ ದರ, ಏಳು ಸಾವಿರದ ಇನ್ನೂರು’ ಎಂದ. ಕೊಟ್ಟೆ. ಹುಡುಗಿ ಪೆಟ್ಟಿಗೆಯನ್ನು ಹರಿದ ಸದ್ದಿಗೆ ನನ್ನ ಎದೆ ಒಮ್ಮೆ ಧಸಕ್ಕೆಂದದ್ದು ನಿಜ, ಕಾವಲುಗಾರನ ಅಭ್ಯಾಸ. ಬಂಡಿಯ ಎರಡು ಗಾಲಿಗಳು ಮೂರನೆಯ ದಿನವೇ ಕಳೆದವು. ಉಳಿದ ಗಾಲಿಗಳ ಮೇಲೆ ಅದು ಇಂದಿಗೂ ಪಡಸಾಲೆಯಲ್ಲಿ ವಾಲಿಕೊಂಡು ನಿಂತಿದೆ.

ತಮ್ಮನ ಮಗನಿಗೆ ಈಗ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಮದುವೆಯೂ ಆಗಿದೆ. ಅಟ್ಟದ ಮೇಲಿನ ಮೂವತ್ತೊಂದನ್ನು ಮಾರುವ ಮಾತು ಎತ್ತಿಲ್ಲ. ಕಳೆದ ವಾರ ಫೋನು ಮಾಡಿದ್ದ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದ: ‘ಕಾಕಾ, ಅಟ್ಟದ ಮ್ಯಾಲೆ ಇನ್ನೊಂದು ಎಂಟು ಡಬ್ಬಿಗೆ ಜಾಗಾ ಐತೇನು?’

ಸುಣ್ಣ ತರಿಸಬೇಕು, ಮಳೆ ನಿಂತ ಮೇಲೆ ನೋಡೋಣ ಎಂದಿದ್ದೇನೆ.