ನೆಲದ ಕಾವು ನೋಡುವವರು

ಲೇಹ್‌ನಿಂದ ಖಾರ್ದುಂಗ್ ಲಾಗೆ ಬೈಕಿನಲ್ಲಿ ಹೋಗಿಬಂದ ಕನ್ನಡಿಗರಿಗೆ ಸೌತ್ ಪುಲ್ಲು ಚೆಕ್‌ಪೋಸ್ಟ್ ಗೊತ್ತಿರುತ್ತದೆ. ರಸ್ತೆ ಪಕ್ಕದ ಬೋಳು ಕಲ್ಲುನೆಲವನ್ನು ಮಾತ್ರ ಯಾರೂ ನಿಂತು ನೋಡಿರುವುದಿಲ್ಲ. ಆ ಆಸುಪಾಸಿನಲ್ಲೇ, 4,727 ಮೀಟರ್ ಎತ್ತರದಲ್ಲಿ, ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯವರು 2015ರ ಸೆಪ್ಟೆಂಬರ್‌ನಿಂದ ಎರಡು ವರ್ಷ ಬಿಸಿಲು, ಗಾಳಿ, ಹಿಮ, ನೆಲದ ಕಾವು ಇವನ್ನೆಲ್ಲ ಅಳೆದರು. ಅವರಿಗೆ ಬೇಕಿದ್ದದ್ದು ಪರ್ಮಾಫ್ರಾಸ್ಟಿನ ಸುದ್ದಿ: ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿಗಿಂತ ಮೇಲೇರದ ನೆಲಕ್ಕೆ ಆ ಹೆಸರು.

ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಸೇರಿಸಿದರೂ ಸುಮಾರು 100 ಮಿಲಿಮೀಟರ್. ಬಾರ್ಲಿ ಹೊಲಕ್ಕೆ ಹರಿಸುವ ನೀರು ಮೇಲಿನ ಕಣಿವೆಗಳ ತೊರೆಗಳಿಂದಲೇ ಬರಬೇಕು; ಉಳಿದದ್ದು ಸಿಂಧೂ ನದಿಗೆ. ಆ ತೊರೆಗೆ ಹಿಮ ಎಷ್ಟು ಕೊಟ್ಟಿತು, ಹಿಮನದಿ ಎಷ್ಟು, ನೆಲದೊಳಗಿನ ಮಂಜುಗಡ್ಡೆ ಎಷ್ಟು? ಹಿಮನದಿ ಕುಗ್ಗಿದರೆ ಉಪಗ್ರಹದ ಚಿತ್ರದಲ್ಲಿ ಕಾಣುತ್ತದೆ. ನೆಲದೊಳಗಿನದು ಹಾಗೆ ಕಾಣುವುದಿಲ್ಲ. ಅಗೆದು ಥರ್ಮಾಮೀಟರ್ ಇಡದೆ ಗತಿಯಿಲ್ಲ.

ಉಪಕರಣ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ನೀರು ಒಳಹೋಗದ ಪುಟ್ಟ ಡಬ್ಬಿ, ಒಳಗೆ ಬ್ಯಾಟರಿ, ಮೆಮೊರಿ. ಹೂಳುವ ಮೊದಲು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಅದ್ದಿ, ಸರಿಯಾಗಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡುತ್ತಾರೆ. ಈ ಕೆಲಸದಲ್ಲಿ ಕಾಲು ಡಿಗ್ರಿಯ ತಪ್ಪೂ ದೊಡ್ಡದೇ. ಬಿಸಿಲು ನೇರ ತಾಗದಂತೆ ಗೇಣುದ್ದದ ಗುಂಡಿಯಲ್ಲಿಟ್ಟು, ಮಣ್ಣು ಮುಚ್ಚಿ ಬಂದರೆ ಮುಂದಿನ ಬೇಸಿಗೆಯವರೆಗೆ ಅದು ಒಂಟಿ.

ವರ್ಷದ ಲೆಕ್ಕ ಕೈಗೆ ಬಂದಾಗ ಕಣ್ಣು ಮೊದಲು ಹುಡುಕುವುದು ವಸಂತದ ದಿನಗಳನ್ನು. ಹಿಮ ಕರಗಿ ನೀರು ಇಳಿಯುತ್ತಿದೆ, ಮೇಲೆ ಬಿಸಿಲು ಚುರುಗುಟ್ಟುತ್ತಿದೆ, ಆದರೂ ನೆಲದ ಗೆರೆ ಸೊನ್ನೆ ಬಿಟ್ಟು ಮೇಲೇಳುವುದಿಲ್ಲ. ಕುದಿಯುವ ಎಸರು ಉರಿ ಎಷ್ಟು ದೊಡ್ಡದು ಮಾಡಿದರೂ ಇನ್ನಷ್ಟು ಕಾಯದಿರುವ ಹಾಗೆ, ಬಂದ ಶಾಖವೆಲ್ಲ ಕರಗಿಸುವುದಕ್ಕೇ ಖರ್ಚಾಗುತ್ತದೆ. ನನ್ನನ್ನು ಕಾಡುವುದು ಇದೇ. ಸೊನ್ನೆಯ ಅಂಚಿನಲ್ಲಿರುವ ನೆಲ, ಥರ್ಮಾಮೀಟರ್ ಅಲ್ಲಾಡದಿರುವಾಗಲೇ ತನ್ನ ಮಂಜುಗಡ್ಡೆ ಕಳೆದುಕೊಳ್ಳುತ್ತಿರಬಹುದು.

ಹಿಮವೂ ಇಲ್ಲಿ ಕಂಬಳಿ. ಚಳಿಗಾಲಕ್ಕೆ ಮೊದಲೇ ದಟ್ಟವಾಗಿ ಬಿದ್ದರೆ ನೆಲ ಬೆಚ್ಚಗೆ, ತೆಳುವಾದರೆ ಚಳಿ ಆಳಕ್ಕಿಳಿಯುತ್ತದೆ. ಹಾಗಾಗಿ ಎರಡು ವರ್ಷದ ಅಳತೆ ಏನೇನೂ ಸಾಲದು. ಸ್ವಿಟ್ಜರ್ಲೆಂಡಿನಲ್ಲಿ, ಇನ್ ನದಿ ಹುಟ್ಟುವ ಸೀಮೆಯ ಮುರ್ಟೆಲ್ ಎಂಬಲ್ಲಿ 1987ರಲ್ಲಿ ಕೊರೆದ ಆಳದ ಬೋರ್‌ಹೋಲಿನ ತಾಪಮಾನವನ್ನು ಇಂದಿಗೂ ನೋಡುತ್ತಿದ್ದಾರೆ. ಹಿಮಾಲಯಕ್ಕೂ ಅಷ್ಟು ಉದ್ದದ ದಾಖಲೆ ಬೇಕು.

ಅದಕ್ಕೆ ಪ್ರತಿ ಬೇಸಿಗೆ ಯಾರಾದರೂ ಏದುಸಿರು ಬಿಡುತ್ತ ಆ ಇಳಿಜಾರು ಹತ್ತಬೇಕು. ಜಿಪಿಎಸ್ ಹಿಡಿದು ಗುರುತಿನ ಕಲ್ಲು ಹುಡುಕಿ, ಮಣ್ಣು ಸರಿಸಿ, ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಡಬ್ಬಿಯನ್ನು ಅದೇ ಗುಂಡಿಯಲ್ಲಿ, ಅದೇ ಆಳಕ್ಕೆ ಮತ್ತೆ ಹೂಳಬೇಕು.