ಹತ್ತು ಗ್ರಾಂ ಮಣಿ, ಅರವತ್ತು ರೂಪಾಯಿ ಅಂಚೆ

ನಮ್ಮ ಉಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮದುವೆ ಬ್ಲೌಸ್‌ಗಳಿಗೆ ಆರಿ ವರ್ಕ್ ಕೂಡ ಮಾಡಿಕೊಡುತ್ತಾರೆ. ಅದಕ್ಕೆ ಬೇಕಾದ ಶುಗರ್ ಬೀಡ್ಸ್, ಕಟ್‌ದಾನಾ, ಚಮ್ಕಿ, ಕುಂದನ್ ಕಲ್ಲು, ಜರಿ ದಾರಗಳನ್ನು ಮಂಗಳೂರಿನಿಂದ ಸಗಟು ದರದಲ್ಲಿ ತರುತ್ತೇವೆ. ಸಣ್ಣ ಊರಿನ ಟೈಲರ್‌ಗಳಿಗೆ ಈ ಸಾಮಾನು ಸುಲಭವಾಗಿ ಸಿಗುವುದಿಲ್ಲ. ಪರಿಚಯದವರು ಒಬ್ಬೊಬ್ಬರಾಗಿ ‘ನಮಗೂ ಸ್ವಲ್ಪ ಕಳುಹಿಸಿ’ ಎಂದು ಕೇಳತೊಡಗಿದರು. ಹಾಗೆ ಕಳೆದ ವರ್ಷ ಬೇಸಿಗೆ ರಜೆಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಸಣ್ಣ ವ್ಯಾಪಾರ ಶುರುವಾಯಿತು. ಸಾಮಾನು ಆರಿಸುವುದು ಉಮ್ಮನ ಕೆಲಸ. ಪ್ಯಾಕಿಂಗ್, ಅಂಚೆ ಮತ್ತು ಲೆಕ್ಕದ ಪುಸ್ತಕ ನನ್ನ ಕೆಲಸ.

ನಮ್ಮ ಕಾಲೇಜಿನಲ್ಲಿ ಮೆಹಂದಿ ಕೋನ್, ಕ್ರೋಶೆ ಹೂವು, ಕೈಯಿಂದ ಮಾಡಿದ ಕಾರ್ಡ್, ಸ್ಕಾರ್ಫ್ ಪಿನ್ ಮಾರುವ ಗೆಳತಿಯರು ಹಲವರಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ‘ಎಂಬತ್ತು ರೂಪಾಯಿ ಸಾಮಾನಿಗೆ ಅಂಚೆ ಖರ್ಚೇ ಅಷ್ಟಾದರೆ ಯಾರು ಕೊಳ್ಳುತ್ತಾರೆ?’ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ.

ಶಿರಸಿ ಕಡೆಯ ಒಬ್ಬ ಅಕ್ಕ ಚಿನ್ನದ ಬಣ್ಣದ ಎರಡು ಪ್ಯಾಕೆಟ್ ಬೀಡ್ಸ್ ಕೇಳಿದರು. ಸಾಮಾನಿನ ಬೆಲೆಯ ಜೊತೆಗೆ ಅಂಚೆಗೆಂದು 60 ರೂಪಾಯಿ ಕಳುಹಿಸಿದರು. ಎರಡೂ ಪ್ಯಾಕೆಟ್ ಸೇರಿ ತೂಕ ಇದ್ದದ್ದು ಇಪ್ಪತ್ತು ಗ್ರಾಂ ಅಷ್ಟೇ. ನಾನು ಬುದ್ಧಿವಂತಿಕೆ ಮಾಡಿದೆ. ಸಾಧಾರಣ ಪತ್ರದ ಕವರಿನೊಳಗೆ ಪ್ಯಾಕೆಟ್ ಹಾಕಿ, 10 ರೂಪಾಯಿಯ ಅಂಚೆ ಚೀಟಿ ಹಚ್ಚಿ ಡಬ್ಬಿಗೆ ಹಾಕಿಬಂದೆ. ಉಳಿದ 50 ರೂಪಾಯಿಯನ್ನು ಪುಸ್ತಕದಲ್ಲಿ ಲಾಭ ಎಂದು ಬರೆದೆ.

ಎಂಟು ದಿನದ ಮೇಲೆ ಅವರಿಂದ ಒಂದು ಫೋಟೋ ಬಂತು. ಕವರಿನ ಮೂಲೆ ಹರಿದಿತ್ತು. ಒಂದು ಪ್ಯಾಕೆಟ್ ಒಡೆದು ಮಣಿ ಚೆಲ್ಲಿಹೋಗಿತ್ತು, ಇನ್ನೊಂದರಲ್ಲಿ ಅರ್ಧ ಪುಡಿಯಾಗಿತ್ತು. ಅವರು ಹೊಲಿಯುತ್ತಿದ್ದದ್ದು ಮದುಮಗಳ ಬ್ಲೌಸ್. ಮದುವೆಗೆ ನಾಲ್ಕೇ ದಿನ ಇತ್ತು. ಕೆಲಸ ಬಿಟ್ಟು ಬಸ್ ಹತ್ತಿ ಪೇಟೆಗೆ ಹೋಗಿ ಬೇರೆ ಮಣಿ ತಂದರಂತೆ. ನಾನು ಕ್ಷಮೆ ಕೇಳಿದಾಗ ಅವರು ಬೈಯಲಿಲ್ಲ. ‘ಇರಲಿ ತಂಗಿ. ಆದರೆ ಕವರಿನ ಮೇಲೆ ಹತ್ತು ರೂಪಾಯಿ ಚೀಟಿ ಇದೆಯಲ್ಲ, ನನ್ನ ಹತ್ತಿರ ಅರವತ್ತು ಯಾಕೆ ತಗೊಂಡೆ?’ ಎಂದಷ್ಟೇ ಕೇಳಿದರು.

ನನ್ನ ಬಳಿ ಉತ್ತರ ಇರಲಿಲ್ಲ. ಉಮ್ಮ ಪೂರ್ತಿ ಹಣ ವಾಪಸ್ ಕೊಡಿಸಿದರು, ಹೊಸ ಎರಡು ಪ್ಯಾಕೆಟ್ ಸರಿಯಾಗಿ ಕಳುಹಿಸಿಸಿದರು. ‘ಅಂಚೆಗೆಂದು ಕೊಟ್ಟ ಹಣ ನಮ್ಮ ಕೈಯಲ್ಲಿ ಅಮಾನತು, ಲಾಭ ಅಲ್ಲ’ ಎಂದರು. ಅಂದಿನಿಂದ ನಾನು ಪ್ರತಿಯೊಂದು ದಾರಿಯನ್ನೂ ಸರಿಯಾಗಿ ತಿಳಿದುಕೊಳ್ಳಲು ಶುರು ಮಾಡಿದೆ.

ಮೊದಲು ತೂಕ, ಆಮೇಲೆ ಗಾತ್ರ

ಅಂಚೆಯ ದರ ಹಂತ ಹಂತವಾಗಿ ಏರುತ್ತದೆ. ಒಂದು ಹಂತದ ಮಿತಿಯನ್ನು ಒಂದೇ ಗ್ರಾಂ ದಾಟಿದರೂ ಮುಂದಿನ ಹಂತದ ದರ ಬೀಳುತ್ತದೆ. ಆದ್ದರಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅಂಟಿಸುವ ಮೊದಲೇ ತೂಕ ನೋಡಿ. ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಲು ಸುಲಭ ಉಪಾಯ ಇದೆ. 80 ಜಿಎಸ್‌ಎಂ ಎಂದು ಬರೆದಿರುವ ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಕ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್ ಆಗುತ್ತದೆ, 80ನ್ನು 16ರಿಂದ ಭಾಗಿಸಿದರೆ 5. ಹತ್ತು ಹಾಳೆ ಇಟ್ಟರೆ ತಕ್ಕಡಿ 50 ತೋರಿಸಬೇಕು.

ಕೊರಿಯರ್‌ನವರು ಗಾತ್ರವನ್ನೂ ತೂಕವಾಗಿ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 20, 15, 10 ಸೆಂಟಿಮೀಟರ್‌ನ ಡಬ್ಬಿಯಲ್ಲಿ ನೀವು ಬರೀ 60 ಗ್ರಾಂ ಚಮ್ಕಿ ಇಟ್ಟರೂ ಲೆಕ್ಕಕ್ಕೆ ಅದು 600 ಗ್ರಾಂ. ಅಂದರೆ ನೀವು ಗಾಳಿಗೆ ಹಣ ಕೊಟ್ಟಂತೆ. ಸಣ್ಣ ಸಾಮಾನಿಗೆ ಡಬ್ಬಿ ಬೇಡ, ಚಪ್ಪಟೆ ಕವರ್ ಸಾಕು.

ಯಾವ ದಾರಿ ಯಾವುದಕ್ಕೆ?

ಸಾಧಾರಣ ಪತ್ರ: ಇದು ಅಗ್ಗ. ಆದರೆ ರಸೀದಿ ಇಲ್ಲ, ಎಲ್ಲಿದೆ ಎಂದು ನೋಡುವ ಸಂಖ್ಯೆಯೂ ಇಲ್ಲ. ಕವರಿನ ಮೇಲೆ ಮುದ್ರೆ ಒತ್ತುತ್ತಾರೆ, ಚೀಲದಲ್ಲಿ ಅದರ ಮೇಲೆ ಭಾರ ಬೀಳುತ್ತದೆ. ಕಾಗದಕ್ಕೆ ಏನೂ ಆಗುವುದಿಲ್ಲ, ಗಾಜಿನ ಮಣಿಗೆ ಆಗುತ್ತದೆ. ತಪ್ಪು ಅಂಚೆಯದ್ದಲ್ಲ. ಪತ್ರಕ್ಕಾಗಿ ಇರುವ ದಾರಿಯಲ್ಲಿ ಮಣಿ ಕಳುಹಿಸಿದ ನನ್ನದು. ಬಣ್ಣದ ಮಾದರಿ ಪಟ್ಟಿ, ಡಿಸೈನ್ ಹಾಳೆಗಳನ್ನು ಮಾತ್ರ ನಾನೀಗ ಹೀಗೆ ಕಳುಹಿಸುತ್ತೇನೆ.

ಸ್ಪೀಡ್ ಪೋಸ್ಟ್: ಇದು 1986ರ ಆಗಸ್ಟ್ 1ರಂದು ಶುರುವಾದ ಸೇವೆ. ಮನೆಯ ಹಿರಿಯರು ‘ರಿಜಿಸ್ಟರ್ ಮಾಡಿಸು’ ಎನ್ನುತ್ತಾರೆ. ಆದರೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲೇ ವಿಲೀನವಾಗಿದೆ. ಅದೇ ವರ್ಷದ ಅಕ್ಟೋಬರ್ 1ರಿಂದ ಬಂದ ಪರಿಷ್ಕೃತ ದರದಲ್ಲಿ 50 ಗ್ರಾಂವರೆಗಿನ ದಾಖಲೆಪತ್ರಕ್ಕೆ ಸ್ಥಳೀಯವಾಗಿ 19 ರೂಪಾಯಿ, ಅದರಾಚೆ ದೇಶದಲ್ಲಿ ಎಲ್ಲಿಗಾದರೂ 47 ರೂಪಾಯಿ. ಶೇ. 18 ಜಿಎಸ್‌ಟಿ ಸೇರಿದರೆ 47 ರೂಪಾಯಿ 55 ರೂಪಾಯಿ 46 ಪೈಸೆ ಆಗುತ್ತದೆ. ಗಮನಿಸಿ, ಇದು ದಾಖಲೆಪತ್ರದ ದರ. ‘ಒಳಗೆ ಪೇಪರ್ ಎಂದು ಹೇಳಿಬಿಡು’ ಎಂದು ಸಲಹೆ ಕೊಡುವವರಿದ್ದಾರೆ. ಹಾಗೆ ಹೇಳಬೇಡಿ. ಸಾಮಾನು ಇದ್ದರೆ ಪಾರ್ಸೆಲ್ ಎಂದೇ ಹೇಳಿ, ಅದರ ದರ ಕೇಳಿ. ಕಳುಹಿಸುವ ಮೊದಲೇ ಅಂಚೆ ಇಲಾಖೆಯ ಜಾಲತಾಣದಲ್ಲಿ ತೂಕ ಮತ್ತು ಎರಡೂ ಕಡೆಯ ಪಿನ್‌ಕೋಡ್ ಹಾಕಿ ದರ ನೋಡಬಹುದು. ಹೆಚ್ಚುವರಿ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ಒಟಿಪಿ ಹೇಳಿದ ಮೇಲೆಯೇ ತಲುಪಿಸುವ ವ್ಯವಸ್ಥೆಯೂ ಬಂದಿದೆ. ವಿದ್ಯಾರ್ಥಿಗಳಿಗೆ ಶೇ. 10 ರಿಯಾಯಿತಿ ಘೋಷಣೆಯಾಗಿದೆ. ಅದು ನಿಮ್ಮ ವ್ಯಾಪಾರದ ಕವರಿಗೂ ಸಲ್ಲುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿ ತಿಳಿದುಕೊಂಡೇ ಬಳಸಿ.

ಜ್ಞಾನ ಪೋಸ್ಟ್: 2025ರ ಮೇ 1ರಂದು ಬಂದ ಈ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿಯಿಂದ ದರ ಶುರು. ಇದು ಪಠ್ಯಪುಸ್ತಕ, ಶೈಕ್ಷಣಿಕ ಪುಸ್ತಕಗಳಂತಹ ಪುಸ್ತಕಗಳಿಗೆ ಇರುವ ಸೇವೆ. ಹಳೆಯ ಪುಸ್ತಕವನ್ನು ಕಿರಿಯರಿಗೆ ಕಳುಹಿಸಲು ಬಹಳ ಒಳ್ಳೆಯದು. ಮಣಿ, ದಾರಕ್ಕೆ ಇದು ಇಲ್ಲ.

ಬಸ್: ನಮ್ಮ ಕರಾವಳಿಯಲ್ಲಿ ಕವರನ್ನು ಬಸ್ಸಿನವರ ಕೈಗೆ ಕೊಟ್ಟು ಕಳುಹಿಸುವುದು ಹಳೆಯ ರೂಢಿ. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ತಲುಪುತ್ತದೆ. ಆದರೆ ರಸೀದಿ ಇಲ್ಲದಿದ್ದರೆ ಕೇಳುವ ಹಕ್ಕೂ ಇಲ್ಲ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಎಂಬ ಪಾರ್ಸೆಲ್ ಸೇವೆ ಆರಂಭಿಸಿದೆ. ದಾರದ ಉಂಡೆಗಳಂತಹ ತೂಕದ ಸಾಮಾನಿದ್ದು, ಗ್ರಾಹಕರ ಮನೆ ಬಸ್ ನಿಲ್ದಾಣಕ್ಕೆ ಹತ್ತಿರವಿದ್ದರೆ ಇದನ್ನು ವಿಚಾರಿಸಿ.

ಖಾಸಗಿ ಕೊರಿಯರ್: ಸಾಮಾನ್ಯವಾಗಿ 500 ಗ್ರಾಂ ಮೊದಲ ಹಂತ. 40 ಗ್ರಾಂ ಕಳುಹಿಸಿದರೂ 500 ಗ್ರಾಂನ ಹಣ. ಪೇಟೆಯ ಗ್ರಾಹಕರಿಗೆ ದೊಡ್ಡ ಆರ್ಡರ್ ಇದ್ದಾಗ ಸರಿ. ಹಳ್ಳಿಗಳಿಗೆ ಹಲವು ಕೊರಿಯರ್‌ಗಳು ಹೋಗುವುದಿಲ್ಲ. ಅಂಚೆ ಹೋಗುತ್ತದೆ. ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಹೆಚ್ಚಿನವು ಗ್ರಾಮೀಣ ಭಾಗದಲ್ಲೇ ಇವೆ. ನಮ್ಮ ಟೈಲರ್ ಅಕ್ಕಂದಿರು ಇರುವುದೂ ಅಲ್ಲೇ.

ಪ್ಯಾಕಿಂಗ್ ಮತ್ತು ವಿಳಾಸ

ಮಣಿಯನ್ನು ಎರಡು ಜಿಪ್ ಕವರಿನಲ್ಲಿ ಹಾಕಿ. ಒಳಗಿನದು ಒಡೆದರೂ ಹೊರಗಿನದು ಹಿಡಿದುಕೊಳ್ಳುತ್ತದೆ. ಕವರಿನಲ್ಲಿ ಗಾಳಿ ಉಳಿಯದಂತೆ ಒತ್ತಿ, ಮಣಿ ಒಂದೇ ಪದರವಾಗಿ ಹರಡಲಿ. ಎರಡೂ ಬದಿಗೆ ಹಳೆಯ ನೋಟ್‌ಬುಕ್ಕಿನ ರಟ್ಟು ಇಟ್ಟು ಟೇಪ್ ಸುತ್ತಿ. ಆರಿ ಸೂಜಿಯ ತುದಿಯನ್ನು ಥರ್ಮಾಕೋಲ್ ತುಂಡಿಗೆ ಚುಚ್ಚಿ, ಮೇಲೆ ರಟ್ಟು ಸುತ್ತಿ. ಕವರ್ ವಿಂಗಡಿಸುವವರ ಕೈಗೂ ನೋವಾಗಬಾರದು. ಬೆಂಕಿ ಹತ್ತುವ ಅಂಟು, ಥಿನ್ನರ್, ನೇಲ್ ಪಾಲಿಶ್‌ನಂತಹ ದ್ರವಗಳನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ. ಕಲ್ಲಿನ ಜೊತೆ ಅಂಟನ್ನೂ ಕೇಳಿದರೆ ‘ಅದನ್ನು ಅಲ್ಲೇ ಕೊಳ್ಳಿ’ ಎಂದು ಹೇಳಿ.

ವಿಳಾಸದಲ್ಲಿ ಪಿನ್‌ಕೋಡ್ ಮುಖ್ಯ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ತಲುಪಿಸುವ ಅಂಚೆ ಕಚೇರಿಯನ್ನೂ ತೋರಿಸುತ್ತವೆ. ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುತ್ತವೆ. ಒಂದೇ ಹೆಸರಿನ ಊರುಗಳು ಎಷ್ಟೋ ಇವೆ. ಆದ್ದರಿಂದ ಗ್ರಾಹಕರಿಂದ ಪಿನ್‌ಕೋಡ್ ಮತ್ತು ಫೋನ್ ನಂಬರ್ ಬರೆಸಿಕೊಳ್ಳಿ. ಅದೇ ವಿಳಾಸದ ಒಂದು ಚೀಟಿಯನ್ನು ಕವರಿನ ಒಳಗೂ ಇಡಿ. ಮೇಲಿನ ಲೇಬಲ್ ಕಿತ್ತುಹೋದರೂ ಅದು ದಾರಿ ಹೇಳುತ್ತದೆ.

ನಿಜವಾದ ಉಳಿತಾಯ ಎಲ್ಲಿದೆ?

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಭೌತಿಕ ವಿತರಣೆ ಎಂಬ ಭಾಗ ಓದುತ್ತೇವೆ. ಆದೇಶ ಸಂಸ್ಕರಣೆ, ಸಾಗಣೆ, ದಾಸ್ತಾನು ಎಂದೆಲ್ಲ ಬಾಯಿಪಾಠ ಮಾಡುವಾಗ ಅದು ದೊಡ್ಡ ಕಂಪನಿಗಳ ವಿಷಯ ಎಂದುಕೊಂಡಿದ್ದೆ. ಈಗ ಅದು ನಮ್ಮ ಅಡುಗೆಮನೆಯ ಮೇಜಿನ ಮೇಲೇ ಇದೆ.

ಲೆಕ್ಕಕ್ಕೆಂದು ಕಳುಹಿಸುವ ಖರ್ಚು 60 ರೂಪಾಯಿ ಎಂದುಕೊಳ್ಳಿ. ಒಂದು ಪ್ಯಾಕೆಟ್ ಕಳುಹಿಸಿದರೆ ಆ ಒಂದಕ್ಕೇ 60 ರೂಪಾಯಿ. ಅದೇ ತೂಕದ ಹಂತದೊಳಗೆ ಆರು ಪ್ಯಾಕೆಟ್ ಹಿಡಿಸಿದರೆ ಒಂದಕ್ಕೆ 10 ರೂಪಾಯಿ. ದಾರಿ ಬದಲಿಸಿ ಉಳಿಸುವುದಕ್ಕಿಂತ ಆರ್ಡರ್ ಒಟ್ಟು ಮಾಡಿ ಉಳಿಸುವುದು ಹೆಚ್ಚು. ಹಾಗಾಗಿ ನಾನು ಮೂರು ನಿಯಮ ಮಾಡಿಕೊಂಡಿದ್ದೇನೆ. ಒಂದು, ಗ್ರಾಹಕರಿಗೆ ‘ಇದೇ ಖರ್ಚಿನಲ್ಲಿ ಇನ್ನೂ ಇಷ್ಟು ಗ್ರಾಂ ಹಿಡಿಯುತ್ತದೆ, ಬೇಕೇ?’ ಎಂದು ಕೇಳುತ್ತೇನೆ. ಎರಡು, ವಾರಕ್ಕೆ ಎರಡು ದಿನ ಮಾತ್ರ ಅಂಚೆ ಕಚೇರಿಗೆ ಹೋಗುತ್ತೇನೆ, ಆ ದಿನಗಳನ್ನು ಮೊದಲೇ ತಿಳಿಸಿರುತ್ತೇನೆ. ಕ್ಲಾಸೂ ತಪ್ಪುವುದಿಲ್ಲ. ಮೂರು, ರಸೀದಿಯ ಫೋಟೋ ಅದೇ ದಿನ ಗ್ರಾಹಕರಿಗೆ ಹೋಗುತ್ತದೆ. ತೆಗೆದುಕೊಂಡದ್ದಕ್ಕಿಂತ ಖರ್ಚು ಕಡಿಮೆಯಾದರೆ ಉಳಿದದ್ದನ್ನು ಹಿಂದಿರುಗಿಸುತ್ತೇನೆ, ಇಲ್ಲವೇ ಮುಂದಿನ ಆರ್ಡರಿಗೆ ಜಮಾ ಮಾಡುತ್ತೇನೆ. ಪ್ಯಾಕಿಂಗ್‌ಗೆ ಹಣ ಬೇಕಿದ್ದರೆ ‘ಪ್ಯಾಕಿಂಗ್ 5 ರೂಪಾಯಿ’ ಎಂದು ಬೇರೆಯಾಗಿ ಬರೆಯುತ್ತೇನೆ. ಯಾರೂ ಬೇಡ ಎಂದಿಲ್ಲ.

ಪುಸ್ತಕದಲ್ಲಿ ನಾನು ಲಾಭ ಎಂದು ಬರೆದಿದ್ದ ಆ 50 ರೂಪಾಯಿಯನ್ನು ಉಮ್ಮ ಅಳಿಸಲು ಬಿಡಲಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ವಾಪಸ್ ಕೊಟ್ಟ ಮೊತ್ತವನ್ನು ಬರೆಸಿದರು. ಶಿರಸಿಯ ಅಕ್ಕ ಎರಡು ತಿಂಗಳು ಏನನ್ನೂ ಕೇಳಲಿಲ್ಲ. ಆಮೇಲೆ ಒಂದು ಸಂಜೆ ಮೆಸೇಜ್ ಬಂತು. ಅವರ ಊರಿನ ಇನ್ನಿಬ್ಬರು ಟೈಲರ್‌ಗಳೂ ಸೇರಿ ಮೂವರ ಪಟ್ಟಿ ಒಟ್ಟಿಗೆ ಕಳುಹಿಸಿದ್ದರು. ಕೊನೆಯ ಸಾಲಿನಲ್ಲಿ ‘ಒಂದೇ ಪಾರ್ಸೆಲ್ ಮಾಡು ತಂಗಿ, ರಸೀದಿ ಹಾಕು’ ಎಂದಿತ್ತು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅಂಚೆ ಕಚೇರಿಗೆ ಹೋಗಿ ಕಳುಹಿಸಿದೆ, ರಸೀದಿಯನ್ನೂ ಹಾಕಿದೆ.