ಡಿವಿಆರ್ ಕೆಟ್ರೆ ಕ್ಯಾಮೆರಾನೂ ಬದಲಿಸಬೇಕಾ? ದುಡ್ಡು ಕೊಡೋ ಮುಂಚೆ ಇದನ್ನ ನೋಡಿ

ವಿಜಯನಗರ: ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಮನೆ ಮುಂದೆ ನಿಲ್ಲಿಸಿದ್ದ ಸ್ಕೂಟರ್ ಕಳುವಾಯ್ತು. ಎದುರು ಮನೆ ಆಂಟಿ ಹತ್ರ ನಾಲ್ಕು ಕ್ಯಾಮೆರಾ ಇವೆ. ಪೊಲೀಸರು ಬಂದು ಫುಟೇಜ್ ಕೇಳಿದಾಗಲೇ ಗೊತ್ತಾಗಿದ್ದು, ರೆಕಾರ್ಡರ್ ಕೆಟ್ಟು ಎಷ್ಟೋ ದಿನ ಆಗಿತ್ತು ಅಂತ. ರಿಪೇರಿಗೆ ಬಂದ ಹುಡುಗ, 'ಬೇರೆ ಕಂಪನಿ ರೆಕಾರ್ಡರ್‌ಗೆ ಈ ಕ್ಯಾಮೆರಾ ಆಗಲ್ಲ, ಎಲ್ಲಾ ಹೊಸದು ಹಾಕ್ಸಿ' ಅಂದ. ಅದು ಪೂರ್ತಿ ನಿಜ ಅಲ್ಲ.

ಮೊದಲು ವೈರ್ ನೋಡಿ. ಕೇಬಲ್ ಟಿವಿ ತರದ ದುಂಡು ವೈರ್, ತಿರುಗಿಸಿ ಹಾಕೋ ಪಿನ್ ಇದ್ರೆ ಅದು ಅನಲಾಗ್ ಕ್ಯಾಮೆರಾ. ಟಿವಿಐ, ಸಿವಿಐ, ಎಎಚ್‌ಡಿ ಮೂರನ್ನೂ ತಗೊಳ್ಳೋ ಡಿವಿಆರ್ ಕೇಳಿ. 2 ಮೆಗಾಪಿಕ್ಸೆಲ್ ಡಿವಿಆರ್‌ಗೆ 5 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿದ್ರೆ ಮಾತ್ರ ಚಿತ್ರ ಬರದೇ ಇರಬಹುದು.

ಇಂಟರ್ನೆಟ್ ವೈರ್ ಇದ್ರೆ ಅದು ಐಪಿ ಕ್ಯಾಮೆರಾ, ಎನ್‌ವಿಆರ್ ಬೇಕು. ಬೇರೆ ಬೇರೆ ಕಂಪನಿ ಮಾಲು ಒಟ್ಟಿಗೆ ಕೆಲಸ ಮಾಡಲಿ ಅಂತಲೇ ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಆನ್‌ವಿಫ್ ಅನ್ನೋ ವ್ಯವಸ್ಥೆ ಶುರು ಮಾಡಿದವು. ಎಸ್‌ಪಿ ರೋಡ್‌ಗೆ ಹೋದಾಗ ಇದೊಂದು ಹೆಸರು ನೆನಪಿಟ್ಟುಕೊಳ್ಳಿ. ಕೆಲವು ಕ್ಯಾಮೆರಾಗಳಲ್ಲಿ ಆನ್‌ವಿಫ್ ಆಫ್ ಆಗಿಯೇ ಬರುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ, ಅದಕ್ಕೆ ಅಂತಲೇ ಬೇರೆ ಯೂಸರ್ ಮಾಡ್ಬೇಕು. ಆಪ್‌ನಲ್ಲಿ ಮಾತ್ರ ನಡೆಯೋ ಕೆಲವು ವೈಫೈ ಕ್ಯಾಮೆರಾಗಳಲ್ಲಿ ಇದು ಇರೋದೇ ಇಲ್ಲ, ಅವನ್ನ ಬಿಟ್ಟುಬಿಡಿ.

ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳೋದು ಪಾಸ್‌ವರ್ಡ್‌ನಲ್ಲಿ. ಬೇಕಾಗೋದು ಕ್ಯಾಮೆರಾದ್ದು, ರೆಕಾರ್ಡರ್‌ದಲ್ಲ. ಹಾಕಿಕೊಟ್ಟವರು ಬರೆದುಕೊಟ್ಟಿರಲ್ಲ, ಫೋನ್ ಮಾಡಿದ್ರೆ ಎತ್ತಲ್ಲ. ಆಂಟಿ ಮನೇಲಿ ಮೂರು ಕ್ಯಾಮೆರಾ ಹತ್ತು ನಿಮಿಷದಲ್ಲಿ ಬಂದ್ವು, ನಾಲ್ಕನೇದನ್ನ ಏಣಿ ಹತ್ತಿ ಇಳಿಸಿ ರೀಸೆಟ್ ಬಟನ್ ಒತ್ತಬೇಕಾಯ್ತು. ಆಮೇಲೆ ವಿಳಾಸ: ರೆಕಾರ್ಡರ್ 192.168.1ರ ಸಾಲಿನಲ್ಲಿದ್ದು ಕ್ಯಾಮೆರಾ 192.168.0ರಲ್ಲಿದ್ರೆ ಸಾಮಾನ್ಯವಾಗಿ ಒಂದಕ್ಕೊಂದು ಸಿಗಲ್ಲ. ಎಚ್.265+ ಅಂತಿದ್ರೆ ಬರೀ ಎಚ್.265 ಅಥವಾ ಎಚ್.264 ಮಾಡಿ. ಬೇರೆ ಕಂಪನಿ ಜೋಡಿಯಲ್ಲಿ ಮೋಷನ್ ಅಲರ್ಟ್ ಕೈಕೊಡೋದು ಮಾಮೂಲು, ದಿನವಿಡೀ ರೆಕಾರ್ಡಿಂಗ್ ಇಡೋದೇ ವಾಸಿ.

ಹಳೇ ಹಾರ್ಡ್ ಡಿಸ್ಕನ್ನ ಹೊಸ ರೆಕಾರ್ಡರ್‌ಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡು ಅಂತ ಕೇಳುತ್ತೆ. 'ಯೆಸ್' ಒತ್ತಿದ್ರೆ ಹಳೇ ಫುಟೇಜ್ ಹೋಯ್ತು ಅಂತಲೇ. ಕೇಸ್ ನಡೀತಿದ್ರೆ ಆ ಡಿಸ್ಕ್ ಮುಟ್ಟಲೇಬೇಡಿ, ಹೊಸದು ತನ್ನಿ. ಎಷ್ಟು ದೊಡ್ಡದು? ಒಂದು ಕ್ಯಾಮೆರಾ 2 ಎಂಬಿಪಿಎಸ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತೆ. ನಾಲ್ಕಕ್ಕೆ 1 ಟಿಬಿ ಹಾಕಿದ್ರೆ 11 ದಿನ ಅಷ್ಟೇ. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರೋ ದೊಡ್ಡ ಜಾಗಗಳಿಗೆ 30 ದಿನ ಇಡಿ ಅನ್ನುತ್ತೆ. ಮನೇಲೂ ಅಷ್ಟು ದಿನ ಬೇಕು ಅಂದ್ರೆ 3 ಟಿಬಿಗೆ ಕಮ್ಮಿ ಆಗಲ್ಲ.

ಕೊನೆಗೆ ಗಡಿಯಾರ ನೋಡಿ. ಕೆಲವು ರೆಕಾರ್ಡರ್ ಚೀನಾ ಸಮಯದಲ್ಲೇ ಬರುತ್ವೆ, ಜಿಎಂಟಿ+5:30ಗೆ ಬದಲಿಸಿ. ಆಂಟಿ ಮನೇಲಿ ಮೊದಲ ದಿನ ರಾತ್ರಿ 9 ಗಂಟೆಗೆ ಅದು 11.30 ತೋರಿಸ್ತಿತ್ತು. ಕಳ್ಳ ಸಿಕ್ಕಿದ್ರೂ ಆ ಟೈಮ್ ಇಟ್ಕೊಂಡು ಪೊಲೀಸರಿಗೆ ಏನ್ ಹೇಳೋದು? ಸ್ಕೂಟರ್ ಅಂತೂ ಇನ್ನೂ ಸಿಕ್ಕಿಲ್ಲ.